ಇಳಿಯುವ ಮೊದಲು ನಿಲ್ಲಿಸೋದು ಕಲಿಯಿರಿ: ಬೆಟ್ಟದ ಹಾದಿಯಲ್ಲಿ ಸ್ಲೆಡ್ ಸವಾರಿ

ನನ್ನ ಮೊದಲ ಸ್ಲೆಡ್, ಅಂದರೆ ಹಿಮದ ಮೇಲೆ ಕೂತು ಜಾರುವ ಚಕ್ರವಿಲ್ಲದ ಗಾಡಿ, ನನ್ನನ್ನು ಬಿಟ್ಟೇ ಬೆಟ್ಟ ಇಳಿಯಿತು. ಫೋಟೋ ತೆಗೆಯೋಣ ಅಂತ ಎದ್ದು ನಿಂತಿದ್ದೆ. ಹಗ್ಗ ಕೈಯಲ್ಲಿರಲಿಲ್ಲ. ಜೇಬಿನಿಂದ ಫೋನ್ ತೆಗೆಯುವಷ್ಟರಲ್ಲಿ ಅದು ಮೆಲ್ಲಗೆ ಹೊರಟಿತು. ಮೊದಲು ನಡೆಯುವ ವೇಗ, ಆಮೇಲೆ ಓಡುವ ವೇಗ, ಆಮೇಲೆ ತಿರುವಿನಾಚೆ ಮಾಯ. ಕೆಳಗೆ ಯಾರೂ ಇರಲಿಲ್ಲ, ಅದು ನನ್ನ ಪುಣ್ಯ. ಅರ್ಧ ಗಂಟೆ ಇಳಿದು ಹೋಗಿ ನೋಡಿದರೆ ಹಿಮದ ದಿಬ್ಬದೊಳಗೆ ಮೂತಿ ತೂರಿಸಿಕೊಂಡು ಬಿದ್ದಿತ್ತು. ಸ್ಲೆಡ್‌ಗೆ ಓಡೋದನ್ನು ಯಾರೂ ಹೇಳಿಕೊಡಬೇಕಿಲ್ಲ, ನಿಲ್ಲಿಸೋದನ್ನು ಮಾತ್ರ ನಾವು ಕಲಿಯಬೇಕು ಅಂತ ಆವತ್ತು ಗೊತ್ತಾಯಿತು.

ಹಾಗಾಗಿ ಇಲ್ಲಿ ವೇಗದ ಬಗ್ಗೆ ಕಡಿಮೆ, ನಿಲ್ಲಿಸುವ ಬಗ್ಗೆ ಜಾಸ್ತಿ ಬರೆದಿದ್ದೇನೆ. ನಾನು ಹೇಳುತ್ತಿರುವುದು ಪಾರ್ಕಿನ ಪುಟ್ಟ ಇಳಿಜಾರಿನ ಆಟವಲ್ಲ. ಅಲ್ಲಿ ಬ್ರೇಕ್ ಬರದಿದ್ದರೂ ಕೆಳಗೆ ಸಮತಟ್ಟು ಜಾಗ ಸಿಕ್ಕಿ ತಾನಾಗೇ ನಿಲ್ಲುತ್ತದೆ. ಬೆಟ್ಟದ ಹಾದಿ ಹಾಗಲ್ಲ. ಅದು ನಾಲ್ಕೈದು ಕಿಲೋಮೀಟರ್ ಇರಬಹುದು, ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಕಣಿವೆ, ನಡುವೆ ತಿರುವಿನ ಮೇಲೆ ತಿರುವು. ದೂರದ ಬೆಟ್ಟ ನುಣ್ಣಗೆ ಅನ್ನೋದು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಕೆಳಗಿಂದ ನೋಡಿದರೆ ಬಿಳಿ ರಿಬ್ಬನ್ ಹಾಸಿದ ಹಾಗಿರುತ್ತದೆ, ಮೇಲೆ ಹೋಗಿ ಕುಳಿತಾಗ ಅದೇ ರಿಬ್ಬನ್ ಗಾಜಿನ ಹಾಗೆ ಹೊಳೆಯುತ್ತಿರುತ್ತದೆ.

ಮೊದಲು ಹಾದಿ ಆರಿಸಿಕೊಳ್ಳಿ

ಮೊದಲ ಸಲ ಹೋಗುವವರು ಸ್ಲೆಡ್‌ಗೆ ಅಂತಲೇ ಬಿಟ್ಟಿರುವ, ಯಂತ್ರ ಓಡಿಸಿ ಹಿಮ ಗಟ್ಟಿ ಮಾಡಿರುವ ಹಾದಿಗೇ ಹೋಗಿ. ಆಲ್ಪ್ಸ್ ಪರ್ವತಗಳಲ್ಲಿ ಇಂಥವು ತುಂಬಾ ಇವೆ. ಬೇಸಿಗೆಯಲ್ಲಿ ಕಾಡಿನ ರಸ್ತೆಯೋ ವಾಹನ ಓಡುವ ಘಾಟಿಯೋ ಆಗಿರುವುದನ್ನು ಚಳಿಗಾಲದಲ್ಲಿ ಮುಚ್ಚಿ ಸ್ಲೆಡ್‌ಗೆ ಬಿಡುತ್ತಾರೆ. ಸ್ವಿಟ್ಜರ್‌ಲ್ಯಾಂಡಿನ ಪ್ರೆಡಾದಿಂದ ಬೆರ್ಗ್ಯೂನ್‌ವರೆಗಿನ 6 ಕಿಲೋಮೀಟರ್ ಹಾದಿ ಹೀಗೇ, ಅದು ಆಲ್ಬುಲಾ ಘಾಟಿಯ ರಸ್ತೆ. ಕೆಳಗೆ ಇಳಿದು ರೈಲು ಹತ್ತಿದರೆ ಮತ್ತೆ ಮೇಲೆ ಬಿಡುತ್ತದೆ. ಅದೇ ದೇಶದ ಗ್ರಿಂಡೆಲ್‌ವಾಲ್ಡ್ ಬಳಿ 2,681 ಮೀಟರ್ ಎತ್ತರದ ಫೌಲ್‌ಹಾರ್ನ್ ಶಿಖರದಿಂದ ಸುಮಾರು 15 ಕಿಲೋಮೀಟರ್ ಹಾದಿ ಇದೆ. ಹೆಸರು ಕೇಳಿ ಆಸೆಪಡಬೇಡಿ. ಕೇಬಲ್ ಕಾರಿನಿಂದ ಇಳಿದ ಮೇಲೂ ಸ್ಲೆಡ್ ಎಳೆದುಕೊಂಡು ಎರಡು ಎರಡೂವರೆ ಗಂಟೆ ಹತ್ತಬೇಕು. ಮೊದಲ ದಿನಕ್ಕೆ ಅದಲ್ಲ. ಎರಡು ಮೂರು ಕಿಲೋಮೀಟರ್‌ನ ಅಗಲವಾದ, ಸುಲಭ ಅಂತ ಗುರುತು ಹಾಕಿರುವ ಹಾದಿ ಸಾಕು.

ಗುರುತೇ ಇಲ್ಲದ ಚಾರಣದ ಹಾದಿಯಲ್ಲಿ ಇಳಿಯುವ ಆಸೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಅಲ್ಲಿ ಎರಡು ತೊಂದರೆ. ಒಂದು, ನಡೆಯುವವರು ಎದುರಿಗೆ ಬರುತ್ತಾರೆ, ಅವರಿಗೆ ನೀವು ಬರುವುದು ಗೊತ್ತಿರುವುದಿಲ್ಲ. ಇನ್ನೊಂದು ಹಿಮಕುಸಿತ. ಹಾದಿ ಮೆತ್ತಗೆ ಇಳಿಯುತ್ತಿದೆ, ಇಲ್ಲೇನು ಕುಸಿಯುತ್ತದೆ ಅಂದುಕೊಳ್ಳುತ್ತೇವೆ. ಆದರೆ ನೋಡಬೇಕಾದದ್ದು ಕಾಲಡಿಯ ಹಾದಿಯನ್ನಲ್ಲ, ತಲೆಯ ಮೇಲಿರುವ ಇಳಿಜಾರನ್ನು. 30 ಡಿಗ್ರಿಗಿಂತ ಕಡಿದಾದ ಇಳಿಜಾರು ಮೇಲಿದ್ದರೆ ಅಲ್ಲಿಂದ ಜಾರಿದ ಹಿಮ ನಿಮ್ಮ ಹಾದಿಗೇ ಬಂದು ಬೀಳುತ್ತದೆ. ಯುರೋಪಿನಲ್ಲಿ ಹಿಮಕುಸಿತದ ಅಪಾಯವನ್ನು 1ರಿಂದ 5ರವರೆಗೆ ಅಂಕೆ ಕೊಟ್ಟು ಚಳಿಗಾಲವಿಡೀ ಪ್ರಕಟಿಸುತ್ತಾರೆ. 3 ಅಂದರೆ ನಡುವಿನದ್ದು, ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಪರವಾಗಿಲ್ಲ ಅನ್ನುವಂಥದ್ದಲ್ಲ. 3 ಇರುವ ದಿನ ನಾನು ಗುರುತಿನ ಹಾದಿ ಬಿಟ್ಟು ಹೋಗುವುದಿಲ್ಲ. ಹಾದಿಯ ಬಾಯಿಗೆ ಹಗ್ಗ ಕಟ್ಟಿ ಮುಚ್ಚಿದೆ ಅಂತ ಬೋರ್ಡ್ ಹಾಕಿದ್ದರೆ ಆ ದಿನಕ್ಕೆ ಮುಗಿಯಿತು, ಚರ್ಚೆ ಬೇಡ.

ಹೊತ್ತೂ ಮುಖ್ಯ. ಹಗಲು ಬಿಸಿಲಿಗೆ ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಬೆಳಗ್ಗೆ ಬೇಗ ಹೋದರೆ ಹಾದಿ ಕಲ್ಲಿನ ಹಾಗಿರುತ್ತದೆ, ಸ್ಲೆಡ್ ಹಿಡಿತಕ್ಕೇ ಬರುವುದಿಲ್ಲ. ಮಧ್ಯಾಹ್ನ ನೀರು ನೀರಾಗಿ ನಡುನಡುವೆ ಎಳೆಯುತ್ತದೆ. ಸಂಜೆ ಬಿಸಿಲು ಸರಿದ ಕೂಡಲೇ ನೆರಳಿನ ತಿರುವುಗಳು ಮತ್ತೆ ಗಾಜಾಗುತ್ತವೆ. ಹತ್ತು ಗಂಟೆಯಿಂದ ಮಧ್ಯಾಹ್ನದವರೆಗಿನ ಹೊತ್ತು ಹೊಸಬರಿಗೆ ಒಳ್ಳೆಯದು. ಚಳಿಗಾಲದಲ್ಲಿ ಬೆಟ್ಟದ ಹಿಂದೆ ಸೂರ್ಯ ಬೇಗ ಮರೆಯಾಗುತ್ತಾನೆ, ಲೆಕ್ಕಕ್ಕಿಂತ ಒಂದು ಗಂಟೆ ಮೊದಲೇ ಕತ್ತಲಾಯಿತು ಅನ್ನಿಸುತ್ತದೆ.

ಯಾವ ಸ್ಲೆಡ್?

ಪ್ಲಾಸ್ಟಿಕ್ ತಟ್ಟೆ, ಗಾಳಿ ತುಂಬಿದ ಟ್ಯೂಬು ಇವನ್ನೆಲ್ಲ ಪಾರ್ಕಿಗೆ ಬಿಡಿ. ಅವಕ್ಕೆ ದಿಕ್ಕು ಅಂತ ಇಲ್ಲ, ಸುಮ್ನೆ ಬುಗುರಿಯ ಹಾಗೆ ತಿರುಗುತ್ತವೆ. ಬೆಟ್ಟದ ಹಾದಿಗೆ ಬೇಕಾದದ್ದು ಕೆಳಗೆ ಎರಡು ಉಕ್ಕಿನ ಪಟ್ಟಿ ಇರುವ ಮರದ ಸ್ಲೆಡ್. ಅದರಲ್ಲಿ ಎರಡು ಜಾತಿ. ಒಂದು ದಾವೋಸ್ ಸ್ಲೆಡ್ ಅಂತ ಕರೆಯುವ ಹಳೇ ಮಾದರಿ. ಅದರ ಚೌಕಟ್ಟು ಬಿಗಿ, ಅಲ್ಲಾಡುವುದಿಲ್ಲ, ಗಟ್ಟಿಮುಟ್ಟು. ಇನ್ನೊಂದು ಜರ್ಮನ್ ಮಾತಾಡುವ ಕಡೆ ರೋಡೆಲ್ ಅನ್ನುವುದು. ಅದರ ಕಾಲುಗಳು ಸ್ವಲ್ಪ ಅಲ್ಲಾಡುವಂತೆ ಜೋಡಿಸಿರುತ್ತಾರೆ, ಕೂರಲು ನೇಯ್ದ ಪಟ್ಟಿ, ಕೈಗೆ ಲಗಾಮಿನಂಥ ಪಟ್ಟಿ. ಇದು ತಿರುವಿನಲ್ಲಿ ಹೇಳಿದ ಮಾತು ಕೇಳುತ್ತದೆ. ತಿರುವು ಜಾಸ್ತಿ ಇರುವ ಹಾದಿಗೆ ನನ್ನ ಓಟು ಇದಕ್ಕೆ.

ಈ ಮರದ ಸ್ಲೆಡ್‌ಗಳು ಹುಟ್ಟಿದ್ದು ಆಟಕ್ಕಲ್ಲ. ಬೆಟ್ಟದ ಮೇಲಿನ ಹುಲ್ಲು, ಸೌದೆ ಕೆಳಗೆ ಸಾಗಿಸಲು ಇದ್ದ ಸಾಧನ. ಆಮೇಲೆ ಪ್ರವಾಸಿಗರ ಕಣ್ಣಿಗೆ ಬಿತ್ತು. 1883ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ದಾವೋಸ್‌ನಿಂದ ಕ್ಲೋಸ್ಟರ್ಸ್ ಕಡೆಗೆ ರಸ್ತೆಯಲ್ಲಿ 4 ಕಿಲೋಮೀಟರ್ ಪಂದ್ಯ ನಡೆದಾಗ ಇಬ್ಬರು ಒಟ್ಟಿಗೆ ಮೊದಲು ಬಂದರು. ಒಬ್ಬ ಆಸ್ಟ್ರೇಲಿಯಾದ ವಿದ್ಯಾರ್ಥಿ, ಇನ್ನೊಬ್ಬ ಕ್ಲೋಸ್ಟರ್ಸ್‌ನ ಅಂಚೆಯವನು. ಅಂಚೆಯವನಿಗೆ ಅದು ದಿನದ ಕೆಲಸದ ದಾರಿಯೇ ಆಗಿದ್ದಿರಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಬಾಡಿಗೆಗೆ ತೆಗೆದುಕೊಳ್ಳುವಾಗ ಕೊಟ್ಟಿದ್ದನ್ನು ಹಾಗೇ ಎತ್ತಿಕೊಂಡು ಬರಬೇಡಿ. ಮಗುಚಿ ಹಾಕಿ ನೋಡಿ. ಉಕ್ಕಿನ ಪಟ್ಟಿಯ ಮೇಲೆ ಬೆರಳು ಸವರಿ. ತುಕ್ಕು ಕೈಗೆ ಹತ್ತಿದರೆ, ಎಲ್ಲಾದರೂ ತರಚಿ ಎದ್ದಿದ್ದರೆ ಬೇರೆ ಕೇಳಿ. ಸ್ಕ್ರೂ ಅಲ್ಲಾಡುತ್ತಿದೆಯಾ, ಕೂರುವ ಪಟ್ಟಿ ಜೋತುಬಿದ್ದಿದೆಯಾ, ಹಗ್ಗ ಗಟ್ಟಿ ಇದೆಯಾ ನೋಡಿ. ನನಗೆ ಒಮ್ಮೆ ಒಂದು ಅಂಗಡಿಯಲ್ಲಿ ಕೊಟ್ಟ ಸ್ಲೆಡ್ ಇಡೀ ದಾರಿ ಎಡಕ್ಕೇ ಎಳೆಯುತ್ತಿತ್ತು. ನನಗೇ ಓಡಿಸಲು ಬರುವುದಿಲ್ಲ ಅಂತ ಬೈದುಕೊಂಡು ಇಳಿದೆ. ಕೆಳಗೆ ಬಂದು ಮಗುಚಿದಾಗ ಒಂದು ಪಟ್ಟಿ ಸೊಟ್ಟಗಿತ್ತು.

ಮೈಮೇಲೆ ಏನಿರಬೇಕು

ಹೆಲ್ಮೆಟ್. ಸ್ಕೀಯಿಂಗ್‌ಗೆ ಹಾಕುವಂಥದ್ದು. ಇದಕ್ಕೆ ಬದಲಿ ಇಲ್ಲ, ದಪ್ಪ ಉಲ್ಲನ್ ಟೋಪಿ ಹೆಲ್ಮೆಟ್ ಅಲ್ಲ.

ಅದರ ನಂತರದ ಸ್ಥಾನ ಬೂಟಿಗೆ. ನಿಜ ಹೇಳಬೇಕೆಂದರೆ ಸ್ಲೆಡ್‌ನ ಬ್ರೇಕ್ ಸ್ಲೆಡ್‌ನಲ್ಲಿಲ್ಲ, ನಿಮ್ಮ ಬೂಟಿನ ಅಡಿಯಲ್ಲಿದೆ. ಕಣಕಾಲು ಮುಚ್ಚುವ, ಅಡಿಯಲ್ಲಿ ಆಳವಾದ ಹಲ್ಲುಗಳಿರುವ ಚಾರಣದ ಬೂಟು ಬೇಕು. ನಯವಾದ ಅಡಿಯ ಶೂ ಹಾಕಿಕೊಂಡು ಹೋದರೆ ಬ್ರೇಕ್ ಇಲ್ಲದ ಸೈಕಲ್ ಹತ್ತಿದ ಹಾಗೆ. ಪ್ಯಾಂಟಿನ ಕೆಳಗಂಚಿನಿಂದ ಹಿಮ ಬೂಟಿನೊಳಗೆ ನುಗ್ಗುತ್ತದೆ, ಬ್ರೇಕ್ ಹಾಕಿದಾಗಂತೂ ಸುರಿದಂತೆ ನುಗ್ಗುತ್ತದೆ. ಹಾಗಾಗಿ ಪ್ಯಾಂಟನ್ನು ಬೂಟಿನ ಹೊರಗೆ ಎಳೆದು ಬಿಗಿಯಾಗಿ ಕಟ್ಟಿ.

ಜೀನ್ಸ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಗಾಳಿ ಬೀಸಿದಾಗ ಮಂಜುಗಡ್ಡೆಯ ಹಲಗೆಯಾಗುತ್ತದೆ. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಉಣ್ಣೆಯದ್ದೋ ಸಿಂಥೆಟಿಕ್‌ದೋ ಇರಲಿ. ಹತ್ತುವಾಗ ಬೆವರುತ್ತೀರಿ, ಇಳಿಯುವಾಗ ಅದೇ ಬೆವರಿಗೆ ಗಾಳಿ ಹೊಡೆಯುತ್ತದೆ. ಸುತ್ತಲಿನ ಚಳಿ ಸೊನ್ನೆ ಡಿಗ್ರಿ ಇದ್ದರೂ 30 ಕಿಲೋಮೀಟರ್ ವೇಗದಲ್ಲಿ ಮುಖಕ್ಕೆ ಅದು ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿದ್ದ ಹಾಗೆ ಅನ್ನಿಸುತ್ತದೆ. ನಾನು ಒಂದು ಒಣ ಬನಿಯನ್ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಮೇಲೆ ತಲುಪಿದ ಕೂಡಲೇ ಬದಲಾಯಿಸುತ್ತೇನೆ. ಎರಡು ನಿಮಿಷ ನಡುಗಬೇಕಾಗುತ್ತದೆ, ಆದರೆ ಆಮೇಲೆ ಒಂದು ಗಂಟೆ ನಡುಗುವುದು ತಪ್ಪುತ್ತದೆ.

ಕನ್ನಡಕ ಅಥವಾ ಗಾಗಲ್ಸ್ ಬಿಡಬೇಡಿ, ಬ್ರೇಕ್ ಹಾಕಿದ ಹಿಮವೆಲ್ಲ ಕಣ್ಣಿಗೇ ಬರುತ್ತದೆ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ನೂರಕ್ಕೆ 80ರವರೆಗೂ ವಾಪಸ್ ಎರಚುತ್ತದೆ. ಹಾಗಾಗಿ ಸನ್‌ಸ್ಕ್ರೀನನ್ನು ಗದ್ದದ ಕೆಳಗೂ ಹಚ್ಚಿ. ಉದ್ದ ಸ್ಕಾರ್ಫ್ ಬೇಡ, ಸ್ಲೆಡ್‌ಗೆ ಸಿಕ್ಕಿಕೊಳ್ಳುತ್ತದೆ. ನೀರು ಒಳಗೆ ಬಿಡದ ಗ್ಲೌಸ್, ತಲೆಗೆ ಕಟ್ಟುವ ಟಾರ್ಚು, ಫ್ಲಾಸ್ಕಿನಲ್ಲಿ ಬಿಸಿ ಏನಾದರೂ. ಬ್ಯಾಗ್ ಚಿಕ್ಕದಿರಲಿ, ಅದರೊಳಗೆ ಚೂಪಾದ್ದೇನೂ ಬೇಡ, ಬೆನ್ನ ಮೇಲೆ ಬಿದ್ದರೆ ಚುಚ್ಚುತ್ತದೆ.

ಹತ್ತುವಾಗಲೇ ಓದಿಕೊಳ್ಳಿ

ಕೇಬಲ್ ಕಾರ್ ಇದ್ದರೂ ಮೊದಲ ಸಲ ನಡೆದೇ ಹತ್ತಿ ಅಂತ ನಾನು ಹೇಳಿದರೆ ಜನ ನಗುತ್ತಾರೆ. ಐದಾರು ಕಿಲೋ ಭಾರದ ಸ್ಲೆಡ್ ಎಳೆದುಕೊಂಡು ಒಂದೂವರೆ ಗಂಟೆ ಯಾರು ಹತ್ತುತ್ತಾರೆ? ಆದರೆ ಹತ್ತುವುದೇ ಹಾದಿಯ ಪರಿಚಯ. ಎಲ್ಲಿ ಮಂಜುಗಡ್ಡೆ ಹೊಳೆಯುತ್ತಿದೆ, ಎಲ್ಲಿ ಮಣ್ಣು ಕಾಣುತ್ತಿದೆ, ಯಾವ ತಿರುವಿನ ಹೊರಗೆ ಬೇಲಿ ಇದೆ, ಯಾವುದಕ್ಕೆ ಇಲ್ಲ, ಇದೆಲ್ಲ ಹತ್ತುವವನಿಗೆ ನಿಧಾನವಾಗಿ ಕಾಣುತ್ತದೆ. ಇಳಿಯುವವನಿಗೆ ಕಾಣುವಷ್ಟರಲ್ಲಿ ದಾಟಿಹೋಗಿರುತ್ತದೆ. ನಾನು ಕೆಟ್ಟ ತಿರುವುಗಳಿಗೆ ಹೆಸರಿಡುತ್ತೇನೆ: ಮುರಿದ ಮರದ ತಿರುವು, ಸೇತುವೆ ತಿರುವು, ನೀರು ಹರಿಯೋ ತಿರುವು. ಇಳಿಯುವಾಗ ಮುರಿದ ಮರ ಕಂಡ ಕೂಡಲೇ ಕಾಲು ತಾನಾಗಿ ಕೆಳಗಿಳಿಯುತ್ತದೆ.

ಹತ್ತುವಾಗ ಅಂಚಿನಲ್ಲಿ, ಒಬ್ಬರ ಹಿಂದೊಬ್ಬರಂತೆ ನಡೆಯಿರಿ. ತಿರುವು ಬಂದಾಗ ಒಳಬದಿಯಲ್ಲಿರಿ, ಯಾಕೆಂದರೆ ಹಿಡಿತ ತಪ್ಪಿದ ಸ್ಲೆಡ್ ಯಾವಾಗಲೂ ಹೊರಬದಿಗೇ ಹೋಗುತ್ತದೆ. ಇಳಿಯಲಿಕ್ಕೆ ಮಾತ್ರ ಅಂತ ಬೋರ್ಡ್ ಇದ್ದರೆ ಆ ಹಾದಿಯಲ್ಲಿ ಹತ್ತಬೇಡಿ, ಬೇರೆ ಕಾಲುದಾರಿ ಇರುತ್ತದೆ. ಮತ್ತೆ ನಿಂತಾಗಲೆಲ್ಲ ಸ್ಲೆಡ್ ಅನ್ನು ಮಗುಚಿ ಇಡಿ, ಉಕ್ಕು ಆಕಾಶಕ್ಕೆ. ನನ್ನ ಕಥೆ ಮೇಲೆ ಓದಿದ್ದೀರಲ್ಲ.

ಈಗ ಬ್ರೇಕ್

ಮೇಲಕ್ಕೆ ಹೋಗಿ ಕಲಿಯುವುದಲ್ಲ ಇದು. ಹಾದಿಯ ಕೊನೆಯ ಭಾಗದಲ್ಲಿ, ಸ್ವಲ್ಪವೇ ಇಳಿಜಾರು ಇದ್ದು ಮುಂದೆ ಸಮತಟ್ಟು ಇರುವ ಕಡೆ, ಹತ್ತು ಸಲ ಅಭ್ಯಾಸ ಮಾಡಿ. ಹತ್ತು ಅಂದರೆ ಹತ್ತು.

ಸ್ಲೆಡ್‌ನ ಹಿಂಭಾಗಕ್ಕೆ ಸರಿದು ಕೂತುಕೊಳ್ಳಿ. ಕಾಲುಗಳು ಮುಂದೆ, ಸ್ಲೆಡ್‌ನ ಎರಡೂ ಪಕ್ಕಕ್ಕೆ, ಮಂಡಿ ಸ್ವಲ್ಪ ಮಡಿಸಿ. ಮಲಗಿಕೊಂಡು ತಲೆ ಮುಂದೆ ಮಾಡಿ ಹೋಗುವುದು ಬೇಡವೇ ಬೇಡ. ಬಿದ್ದಾಗ ಮೊದಲು ತಾಗುವುದು ತಲೆ, ಕಾಲಿನ ಬ್ರೇಕಂತೂ ಇರುವುದೇ ಇಲ್ಲ. ಹೊರಟ ಮೇಲೆ ಎರಡೂ ಬೂಟುಗಳನ್ನು ಒಟ್ಟಿಗೆ ಇಳಿಸಿ, ಇಡೀ ಅಂಗಾಲು ಹಿಮದ ಮೇಲೆ ಚಪ್ಪಟೆಯಾಗಿ, ಉಕ್ಕಿನ ಪಟ್ಟಿಯ ಪಕ್ಕಕ್ಕೆ ಹತ್ತಿರವಾಗಿ. ಹೊಸಬರು ಎಲ್ಲರೂ ಹಿಮ್ಮಡಿ ಊರುತ್ತಾರೆ. ಹಿಮ್ಮಡಿ ಊರಿದರೆ ಎರಡು ಆಗುತ್ತದೆ: ಒಂದು ಬಕೆಟ್ ಹಿಮ ಮುಖಕ್ಕೆ, ಇಲ್ಲವೇ ಹಿಮ್ಮಡಿ ಗಟ್ಟಿ ಹಿಮಕ್ಕೆ ಸಿಕ್ಕಿಕೊಂಡು ಮಂಡಿಗೆ ಏಟು. ಚಪ್ಪಟೆ ಅಂಗಾಲಿನಿಂದ ಉಜ್ಜುವ ಸದ್ದು ಬರಬೇಕು, ಸರ್ರ್ ಅಂತ ಒಂದೇ ಸಮ. ಟಕ್ ಟಕ್ ಅಂತ ಬಂದರೆ ಹಿಮ್ಮಡಿ ತಾಗುತ್ತಿದೆ ಅಂತ ಅರ್ಥ. ಕಿವಿಗೆ ಬೇಗ ಗೊತ್ತಾಗುತ್ತದೆ.

ಅದು ಸಾಲದಿದ್ದರೆ ಮುಂದಿನ ಹಂತ. ಕಾಲು ಒತ್ತಿದ ಹಾಗೇ ಇರಲಿ, ಎರಡೂ ಕೈಯಲ್ಲಿ ಲಗಾಮು ಎಳೆದು ಸ್ಲೆಡ್‌ನ ಮೂತಿ ಎತ್ತಿ, ಮೈಭಾರ ಹಿಂದಕ್ಕೆ ಹಾಕಿ. ಆಗ ಉಕ್ಕಿನ ಹಿಂತುದಿ ಹಿಮವನ್ನು ಕಚ್ಚುತ್ತದೆ. ಅದೂ ಆಗದಿದ್ದರೆ ಕೊನೆಯ ಉಪಾಯ ಬೆಟ್ಟದ ಕಡೆಯ ಮೆತ್ತನೆ ಹಿಮಕ್ಕೆ ಸ್ಲೆಡ್ ತಿರುಗಿಸುವುದು, ಇಲ್ಲವೇ ಆ ಕಡೆಗೇ ಉರುಳಿಬಿಡುವುದು. ಕಣಿವೆಯ ಕಡೆಗಲ್ಲ. ಇದನ್ನೂ ಕೆಳಗೇ ಒಮ್ಮೆ ಮಾಡಿ ನೋಡಿ. ಬೇಕಂತಲೇ ಬಿದ್ದವನಿಗೆ ಬೀಳುವ ಭಯ ಅರ್ಧ ಹೋಗುತ್ತದೆ.

ಒಂದು ಸಣ್ಣ ಲೆಕ್ಕ ಯಾವಾಗಲೂ ನೆನಪಿರಲಿ. 20 ಕಿಲೋಮೀಟರ್ ವೇಗದಲ್ಲಿ ನಿಲ್ಲಲು ಎಷ್ಟು ದೂರ ಬೇಕೋ, 40ರಲ್ಲಿ ಅದರ ಎರಡರಷ್ಟಲ್ಲ, ನಾಲ್ಕರಷ್ಟು ಬೇಕು. 40ರಲ್ಲಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತೀರಿ. ಅಯ್ಯೋ ಅನ್ನುವಷ್ಟರಲ್ಲಿ ಒಂದು ಬಸ್ಸಿನ ಉದ್ದ ಹೋಯಿತು. ಹಾಗಾಗಿ ಬ್ರೇಕ್ ತಿರುವಿನಲ್ಲಲ್ಲ, ತಿರುವಿಗೆ ಮುಂಚೆ.

ತಿರುಗಿಸುವುದು

ರೋಡೆಲ್‌ನಲ್ಲಿ ಎಡಕ್ಕೆ ಹೋಗಬೇಕಾದರೆ ಬಲಗಾಲಿನಿಂದ ಬಲಗಡೆಯ ಉಕ್ಕಿನ ಬಾಗಿದ ಮುಂತುದಿಯನ್ನು ಒಳಗೆ ಒತ್ತಿ, ಎಡಗೈಯ ಲಗಾಮು ಎಳೆಯಿರಿ, ಮೈಯನ್ನು ಎಡಕ್ಕೆ ವಾಲಿಸಿ. ಮೂರೂ ಒಟ್ಟಿಗೆ. ಬಲಕ್ಕೆ ಅಂದರೆ ಇದರ ತಿರುಗುಮುರುಗು. ದಾವೋಸ್ ಸ್ಲೆಡ್ ಬಿಗಿ ಇರುವುದರಿಂದ ಅದಕ್ಕೆ ಬೇರೆ ದಾರಿ: ಯಾವ ಕಡೆ ತಿರುಗಬೇಕೋ ಆ ಕಡೆಯ ಕಾಲನ್ನು ಹಿಮಕ್ಕೆ ಒತ್ತಿದರೆ ಆ ಪಕ್ಕ ನಿಧಾನವಾಗಿ ಸ್ಲೆಡ್ ಅತ್ತ ತಿರುಗುತ್ತದೆ. ದೋಣಿಗೆ ಒಂದೇ ಕಡೆ ಹುಟ್ಟು ಅಡ್ಡ ಹಿಡಿದ ಹಾಗೆ.

ಕಣ್ಣು ಎಲ್ಲಿದೆಯೋ ಸ್ಲೆಡ್ ಅಲ್ಲಿಗೆ ಹೋಗುತ್ತದೆ. ಬೇಲಿಯ ಕಂಬವನ್ನು ಗುಮ್ಮನ ಹಾಗೆ ದಿಟ್ಟಿಸುತ್ತಾ ಹೋದ ನನ್ನ ಗೆಳೆಯ ಅದೇ ಕಂಬಕ್ಕೆ ಹೋಗಿ ಗುದ್ದಿದ. ತಿರುವಿನ ಆಚೆ ನೀವು ಹೊರಬರಬೇಕಾದ ಜಾಗ ನೋಡಿ.

ಹೊರಟ ಮೇಲೆ

ಮೊದಲ ಇಳಿತದಲ್ಲಿ ಕಾಲು ಎತ್ತುವ ಆಸೆ ಬೇಡ, ಬೂಟು ಹಿಮವನ್ನು ಸವರುತ್ತಲೇ ಇರಲಿ. ಮುಂದಿನವರಿಗೂ ನಿಮಗೂ ನಡುವೆ ಒಂದಿಡೀ ತಿರುವಿನಷ್ಟು ಅಂತರ ಬಿಡಿ. ಮುಂದೆ ಇರುವವರಿಗೇ ದಾರಿ ಮೊದಲು, ಅವರ ಬೆನ್ನಿಗೆ ಕಣ್ಣಿಲ್ಲ. ದಾಟಬೇಕಾದರೆ ಅಗಲ ಇರುವ ಕಡೆ, ಕೂಗಿ ಹೇಳಿ ದಾಟಿ. ನಿಲ್ಲಬೇಕಾದರೆ ಅಂಚಿಗೆ ಬಂದು, ಮೇಲಿನಿಂದ ಬರುವವರಿಗೆ ದೂರದಿಂದಲೇ ಕಾಣುವ ಕಡೆ ನಿಲ್ಲಿ. ತಿರುವಿನ ಕೆಳಗೆ ನಿಂತು ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಒಂದು ಕಾಲದಲ್ಲಿ ನಾನೇ ಅವರಲ್ಲೊಬ್ಬನಾಗಿದ್ದರೂ. ಮೇಲಿನ ಹೋಟೆಲಿನಲ್ಲಿ ಬಿಸಿ ವೈನ್ ಕೊಡುತ್ತಾರೆ. ಕುಡಿಯುವವರು ಇಳಿದ ಮೇಲೆ ಕುಡಿಯಲಿ.

ಚಿಕ್ಕ ಮಕ್ಕಳಿದ್ದರೆ ದೊಡ್ಡವರು ಹಿಂದೆ, ಮಗು ಮುಂದೆ ಕಾಲುಗಳ ನಡುವೆ. ಮಗುವಿನ ಪಾದ ಸ್ಲೆಡ್‌ನ ಮೇಲೇ ಇರಬೇಕು. ಕೆಳಗೆ ಜೋತುಬಿದ್ದ ಪುಟ್ಟ ಬೂಟು ಉಕ್ಕಿನ ಕೆಳಗೆ ಸಿಕ್ಕಿದರೆ ಕಾಲು ಮುರಿಯುತ್ತದೆ. ಮಗುವನ್ನು ಸ್ಲೆಡ್‌ಗೆ ಕಟ್ಟಬೇಡಿ, ಎರಡು ಸ್ಲೆಡ್ ಒಂದಕ್ಕೊಂದು ಕಟ್ಟಿ ರೈಲು ಮಾಡಬೇಡಿ. ಇಬ್ಬರ ಭಾರಕ್ಕೆ ನಿಲ್ಲುವ ದೂರವೂ ಜಾಸ್ತಿ ಅಂದುಕೊಂಡೇ ಓಡಿಸಿ. ಮಗು ಸುಮ್ಮನಾಗಿಬಿಟ್ಟರೆ ಖುಷಿಯಲ್ಲಿದೆ ಅಂತಲ್ಲ, ಚಳಿ ಹಿಡಿದಿರಬಹುದು. ನೀವು ಹತ್ತಿ ಬೆಚ್ಚಗಿದ್ದೀರಿ, ಅದು ಕೂತೇ ಬಂದಿದೆ. ಗ್ಲೌಸ್ ತೆಗೆದು ಬೆರಳು ಮುಟ್ಟಿ ನೋಡಿ.

ಯಾರಾದರೂ ಬಿದ್ದು ಏಳದಿದ್ದರೆ ಮೊದಲು ಅವರ ಹತ್ತಿರ ಓಡಬೇಡಿ. ಮೊದಲು ಒಬ್ಬರು ಮೇಲಿನ ತಿರುವಿಗೆ ಹೋಗಿ ಬರುವವರನ್ನು ತಡೆಯಲಿ, ದಾರಿಗೆ ಅಡ್ಡ ಒಂದು ಸ್ಲೆಡ್ ನೆಟ್ಟಗೆ ನಿಲ್ಲಿಸಲಿ. ಇಲ್ಲದಿದ್ದರೆ ಒಂದು ಅಪಘಾತ ಮೂರಾಗುತ್ತದೆ. ಕುತ್ತಿಗೆ, ಬೆನ್ನು ನೋವು ಅಂದರೆ ಅಲ್ಲಾಡಿಸದೆ, ಮೇಲೆ ಇರುವ ಬಟ್ಟೆಯೆಲ್ಲ ಹೊದಿಸಿ ಸಹಾಯಕ್ಕೆ ಕರೆ ಮಾಡಿ. ಯುರೋಪಿನಲ್ಲಿ 112. ಪರ್ವತ ರಕ್ಷಣೆಗೆ ಸ್ವಿಟ್ಜರ್‌ಲ್ಯಾಂಡಿನಲ್ಲಿ 1414, ಆಸ್ಟ್ರಿಯಾದಲ್ಲಿ 140. ಚಳಿಗೆ ಫೋನ್ ಬ್ಯಾಟರಿ ಬೇಗ ಸಾಯುತ್ತದೆ, ಹಾಗಾಗಿ ಫೋನ್ ಒಳಜೇಬಿನಲ್ಲಿ, ಮೈಗೆ ಅಂಟಿದಂತೆ ಇರಲಿ.

ಮನೆಗೆ ತಂದ ಮೇಲೆ

ಸ್ವಂತ ಸ್ಲೆಡ್ ಇದ್ದವರಿಗೆ ಇಷ್ಟು ಕೆಲಸ. ಉಕ್ಕು ಜಾರುವುದು ಬರೀ ಹಿಮದ ಮೇಲಲ್ಲ, ಉಜ್ಜಾಟದ ಬಿಸಿಗೆ ಕರಗಿದ ಕೂದಲೆಳೆಯಷ್ಟೂ ಇಲ್ಲದ ನೀರಿನ ಪದರದ ಮೇಲೆ. ಅದಕ್ಕೇ ತೀರಾ ಚಳಿಯ ದಿನ, ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ, ಹಿಮ ಮರಳಿನ ಹಾಗೆ ಹಿಡಿದುಕೊಳ್ಳುತ್ತದೆ. ಉಕ್ಕಿನ ಮೇಲೆ ತುಕ್ಕು ಇದ್ದರೂ ಅಷ್ಟೇ. ಮನೆಗೆ ಬಂದ ಕೂಡಲೇ ಬಟ್ಟೆಯಿಂದ ಒರೆಸಿ. ಹೀಟರ್ ಪಕ್ಕ ಇಡಬೇಡಿ, ಮರ ಬಿರಿಯುತ್ತದೆ, ಗಾಳಿಯಾಡುವ ಮೂಲೆ ಸಾಕು. ತುಕ್ಕು ಕಂಡರೆ ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಉದ್ದಕ್ಕೆ ಉಜ್ಜಿ, ಅಡ್ಡಕ್ಕಲ್ಲ. ಆಮೇಲೆ ಸ್ಕೀ ಮೇಣ ಇದ್ದರೆ ಅದು, ಇಲ್ಲದಿದ್ದರೆ ಮೇಣದಬತ್ತಿಯ ತುಂಡು ಸವರಿ. ಹೊರಡುವ ದಿನ ಬೆಳಗ್ಗೆ ಇನ್ನೊಮ್ಮೆ. ಹೊಸಬರು ಮಾತ್ರ ಮೊದಲ ದಿನ ಈ ಮೇಣದ ಕೆಲಸ ಬಿಟ್ಟುಬಿಡಿ. ಅದಿಲ್ಲದೆಯೂ ಸ್ಲೆಡ್ ಬೇಕಾದಷ್ಟು ಓಡುತ್ತದೆ.